ಹಾಳೆಯ ಹಿಂಬದಿಯ ಜಡ್ಜು

ನವೆಂಬರ್ ಬಂತೆಂದರೆ ನಮ್ಮ ಮಿಷಿಗನ್ ಕಡೆ ಗಂಡಸರಿಗೆ ಮಾತಾಡಲು ಮೂರೇ ವಿಷಯ. ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಲಾರಿಗಳು, ಜಿಂಕೆ ಬೇಟೆ, ಚುನಾವಣೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನಾರ್ಬರ್ಟ್ ಕುಚಿನ್‌ಸ್ಕಿಗೆ ಮೂರರಲ್ಲೂ ತನಗೆ ಗೊತ್ತಿಲ್ಲದ್ದು ಇಲ್ಲ ಎಂಬ ನಂಬಿಕೆ. ತಪ್ಪು ಎಂದು ಹೇಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅದರಲ್ಲೂ ಎದುರುಮನೆಯ ಜೆರಾಲ್ಡೀನ್‌ಳನ್ನು ಕಂಡರೆ.

ಜೆರಾಲ್ಡೀನ್ ಶಾಲೆಯಲ್ಲಿ ಪಾಠ ಹೇಳಿದವಳು. ಕೆಲಸ ಬಿಟ್ಟರೂ ಪಾಠ ಬಿಟ್ಟಿರಲಿಲ್ಲ. ಪ್ರತಿ ಚುನಾವಣೆಗೂ ಕರಪತ್ರದ ಕಟ್ಟು ಹಿಡಿದು ಮನೆ ಮನೆ ತಿರುಗುತ್ತಿದ್ದಳು. ಆ ಸಲ ಚರ್ಚಿನ ಹಾಲ್‌ನಲ್ಲಿ ಎಲ್ಲರೂ ಇಸ್ಪೀಟು ಆಡುತ್ತ ಕೂತಿದ್ದಾಗ ನಾರ್ಬರ್ಟ್‌ನ ಮೇಜಿಗೇ ಬಂದಳು.

"ನಾರ್ಬ್, ಈ ಸಲ ನಮ್ಮ ಕೌಂಟಿ ಜಡ್ಜಿನ ಚುನಾವಣೆನೂ ಇದೆ. ಓಟಿನ ಹಾಳೆ ಹಿಂಬದಿ ತಿರುಗಿಸೋದು ಮರೀಬೇಡ."

"ತಿರುಗಿಸೋದೆಲ್ಲ ಏನಕ್ಕೆ? ಮೇಲ್ಗಡೆ ನಮ್ಮ ಪಕ್ಷದ ಗೋಲ ಕಪ್ಪು ಮಾಡ್ತೀನಿ. ಒಂದೇ ಗೋಲ. ಎಲ್ಲರಿಗೂ ಓಟು ಬಿತ್ತು, ಮುಗೀತು."

"ಪಕ್ಷದವರಿಗೆ ಮಾತ್ರ ಬೀಳುತ್ತೆ ಕಣಯ್ಯಾ. ಜಡ್ಜುಗಳ ಹೆಸರಿನ ಮುಂದೆ ಪಕ್ಷ ಇರಲ್ಲ. ಅವರಿಗೆ ಬೇರೆ ಗುರುತು ಹಾಕ್ಬೇಕು. ಇಲ್ಲಾಂದ್ರೆ ಆ ಜಾಗ ಖಾಲಿ."

"ಜಡ್ಜುಗಳನ್ನ ಅಧ್ಯಕ್ಷ ಆರಿಸ್ತಾನೆ. ಟಿವಿ ನೋಡಲ್ವಾ ನೀನು? ಅದಕ್ಕೇ ಅಲ್ವಾ ನಾನು ಅಧ್ಯಕ್ಷನಿಗೆ ಓಟು ಹಾಕೋದು!"

ಮೇಜಿನ ಸುತ್ತ ಇದ್ದವರು ನಕ್ಕರು. ಜೆರಾಲ್ಡೀನ್ ನಗಲಿಲ್ಲ.

"ಅಧ್ಯಕ್ಷ ಆರಿಸೋದು ಫೆಡರಲ್ ಕೋರ್ಟಿನ, ಅಂದ್ರೆ ಕೇಂದ್ರದ ಕೋರ್ಟಿನ ಜಡ್ಜುಗಳನ್ನ. ಸೆನೆಟ್ ಒಪ್ಪಿದ್ರೆ ಅವರು ಬದುಕಿರೋ ತನಕ ಕೂತಿರಬಹುದು. ನಮ್ಮ ರಾಜ್ಯದ ಕೋರ್ಟುಗಳೇ ಬೇರೆ. ಕಳ್ಳತನ, ಕುಡಿದು ಗಾಡಿ ಓಡಿಸಿದ್ದು, ಗಂಡ ಹೆಂಡತಿ ಬಿಟ್ಟಿದ್ದು, ಮಗು ಯಾರ ಹತ್ರ ಇರ್ಬೇಕು ಅನ್ನೋದು, ಎಲ್ಲಾ ಬರೋದು ಇಲ್ಲಿಗೆ. ಈ ಜಡ್ಜುಗಳನ್ನ ಆರಿಸೋದು ನಾವು."

"ನಾನ್ಯಾವತ್ತು ಕೋರ್ಟಿನ ಮೆಟ್ಟಿಲು ಹತ್ತಿದ್ದೀನಿ ಹೇಳು? ಎಲೆ ಹಾಕು ಸ್ಟ್ಯಾನ್, ಈ ಪಾಠ ಮುಗಿಯೋದಲ್ಲ."

ಜೆರಾಲ್ಡೀನ್ ಹಟ ಬಿಡಲಿಲ್ಲ. ಈಗಿನ ಜಡ್ಜು ಲಾಫ್ಟಸ್‌ನ ಎದುರು ಡೆನಿಸ್ ಪ್ರೂಯಿಟ್ ಎಂಬ ವಕೀಲೆ ನಿಂತಿದ್ದಾಳೆ ಎಂದಳು. ಹೊಳೆಯಾಚೆಯ ಕೌಂಟಿಯಲ್ಲಿ ಚಿಕಿತ್ಸೆಯ ಕೋರ್ಟು ಇದೆ, ಮಾತ್ರೆಯ ಚಟಕ್ಕೆ ಬಿದ್ದವರನ್ನು ಅಲ್ಲಿ ಸೆರೆಮನೆಗೆ ತಳ್ಳುವ ಬದಲು ವಾರ ವಾರ ಜಡ್ಜಿನ ಮುಂದೆ ನಿಲ್ಲಿಸಿ ಮದ್ದು ಕೊಡಿಸುತ್ತಾರೆ, ಅಂಥದ್ದನ್ನು ಇಲ್ಲಿಯೂ ತರುತ್ತೇನೆ ಅಂದಿದ್ದಾಳೆ ಎಂದು ವಿವರಿಸಿದಳು. ನಾರ್ಬರ್ಟ್ ಕರಪತ್ರವನ್ನು ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟ.

ನಾರ್ಬರ್ಟ್‌ನ ಮೊಮ್ಮಗ ಟ್ರೆವರ್‌ಗೆ ಅದು ಮೊದಲ ಓಟು. ಮಗಳು ಅವನನ್ನು ಚಿಕ್ಕವನಿದ್ದಾಗಲೇ ಇವರ ಮಡಿಲಿಗೆ ಹಾಕಿ ಟೆಕ್ಸಸ್‌ಗೆ ಹೋಗಿದ್ದಳು. ನಾರ್ಬರ್ಟ್ ಮತ್ತು ಅವನ ಹೆಂಡತಿ ಐರೀನ್ ಸಾಕಿದ ಹುಡುಗ ಅವನು. ಅವರನ್ನು ಜಾಜಾ, ಬುಶಾ ಎಂದೇ ಕರೆಯುತ್ತಿದ್ದ. ನಮ್ಮ ಪೋಲಿಷ್ ಮನೆಗಳಲ್ಲಿ ಅಜ್ಜ ಅಜ್ಜಿಯರ ಹೆಸರು ಅದೇ.

ಮತಗಟ್ಟೆಯಲ್ಲಿ ಅವನು ಹಾಳೆಯನ್ನು ಮಗುಚಿ ನೋಡಿದ. "ಜಾಜಾ, ಹಿಂದೆ ಇನ್ನೂ ಇದೆಯಲ್ಲ?"

"ಬಿಡೋ ಅತ್ಲಾಗೆ. ಅವರು ಯಾರು, ಎತ್ತ, ನಮಗೇನು ಗೊತ್ತು? ಮೇಲಿಂದು ಹಾಕಿದ್ಯಲ್ಲ, ಸಾಕು. ಬಾ, ಹೊಟ್ಟೆ ಹಸೀತಿದೆ."

ಹುಡುಗ ಅಜ್ಜನ ಮಾತು ಕೇಳಿದ. ಇಬ್ಬರೂ ಹೋಗಿ ಮೊಟ್ಟೆ, ಸಾಸೇಜ್ ತಿಂದರು. ಅಧ್ಯಕ್ಷ ಯಾರಾಗುತ್ತಾರೆ ಎಂದು ಊರೆಲ್ಲ ಟಿವಿಯ ಮುಂದೆ ಕೂತಿತು. ಲಾಫ್ಟಸ್ ಕೂದಲೆಳೆಯ ಅಂತರದಲ್ಲಿ ಗೆದ್ದದ್ದನ್ನು ಯಾರೂ ಗಮನಿಸಲಿಲ್ಲ. ಆ ಅಂತರಕ್ಕಿಂತ ಎಷ್ಟೋ ಪಟ್ಟು ಜನ ಹಿಂಬದಿಯನ್ನು ಖಾಲಿ ಬಿಟ್ಟಿದ್ದರು.

ಮುಂದಿನ ವರ್ಷ ಗೆಡ್ಡೆ ರಾಶಿ ಹಾಕುವ ಅಂಗಳದಲ್ಲಿ ಕೆಲಸ ಮಾಡುವಾಗ ಟ್ರೆವರ್ ಜಾರಿಬಿದ್ದ. ಸೊಂಟ ಉಳುಕಿತು. ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಡಾಕ್ಟರು ನಿಲ್ಲಿಸಿದ ಮೇಲೆ ಕಂಡವರ ಕಡೆಯಿಂದ ಕೊಂಡು ನುಂಗಿದ. ಕೊಳ್ಳಲು ಕಾಸಿಲ್ಲದಾಗ ತಾನೇ ಒಂದಿಷ್ಟು ಮಾರಿದ. ಸಿಕ್ಕಿಬಿದ್ದ.

ಕೋರ್ಟಿನಲ್ಲಿ ಅವನು ತಪ್ಪು ಒಪ್ಪಿಕೊಂಡ. ಐರೀನ್ ಹಬ್ಬದ ಕೋಟು ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಸರ್ಕಾರ ಕೊಟ್ಟ ವಕೀಲ ಕೈಮುಗಿಯುವುದೊಂದು ಬಾಕಿ. "ಮಹಾಸ್ವಾಮಿ, ಇವನಿಗೆ ಬೇಕಾಗಿರೋದು ಚಿಕಿತ್ಸೆ. ಹೊಳೆಯಾಚೆ ಇದ್ದಿದ್ದರೆ ಇವನನ್ನ ಚಿಕಿತ್ಸೆಯ ಕೋರ್ಟಿಗೆ ಕಳಿಸಬಹುದಿತ್ತು."

"ಇದು ಹೊಳೆ ಈಚೆ," ಎಂದ ಲಾಫ್ಟಸ್. "ನನ್ನ ಕೋರ್ಟು ಆಸ್ಪತ್ರೆಯಲ್ಲ."

ಸೆರೆಮನೆಯಾಯಿತು. ಅದೂ ದೂರದ ಸೇತುವೆ ದಾಟಿ ಹೋಗಬೇಕಾದ ಉತ್ತರದ ಸೆರೆಮನೆ. ಚಳಿಗಾಲದಲ್ಲಿ ಮುದುಕರು ಗಾಡಿ ಓಡಿಸಲಾಗದ ದಾರಿ. ಐರೀನ್ ಅಲ್ಲಿಯೇ ಬೆಂಚಿನ ಮೇಲೆ ಅತ್ತಳು. ನಾರ್ಬರ್ಟ್‌ಗೆ ಅಳು ಬರಲಿಲ್ಲ, ರೋಷ ಬಂತು.

"ಈ ಜಡ್ಜಿನ ಅಪ್ಪನಂಥ ಕೋರ್ಟು ಇದೆ ಕಣೇ ನಮ್ಮ ದೇಶದಲ್ಲಿ! ಹದ್ದಿನ ಚಿತ್ರ ಇರೋ ಫೆಡರಲ್ ಕೋರ್ಟಿಗೆ ಹೋಗ್ತೀನಿ. ಅಲ್ಲಿರೋದು ನಮ್ಮ ಅಧ್ಯಕ್ಷನೇ ಹಾಕಿದ ಜಡ್ಜು."

ಮರುದಿನವೇ ಪಟ್ಟಣದ ಫೆಡರಲ್ ಕೋರ್ಟಿಗೆ ಹೋದ. ಬೆಲ್ಟು ಬಿಚ್ಚಿಸಿ ಒಳಗೆ ಬಿಟ್ಟರು. ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ಒಳ್ಳೆಯವಳೇ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

"ಸರ್, ನಿಮ್ಮ ಮೊಮ್ಮಗನ ಕೇಸು ರಾಜ್ಯದ ಕಾನೂನಿನದ್ದು, ರಾಜ್ಯದ ಕೋರ್ಟಿನದ್ದು. ಮೇಲ್ಮನವಿ ಹೋಗೋದು ರಾಜ್ಯದ ಮೇಲಿನ ಕೋರ್ಟಿಗೆ. ಅದರ ಮೇಲೆ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿರೋ ರಾಜ್ಯದ ಸುಪ್ರೀಂ ಕೋರ್ಟು. ವಕೀಲರನ್ನ ಕೇಳಿ."

"ನೀವು ಅವರಿಗಿಂತ ದೊಡ್ಡವರಲ್ವಾ?"

"ದೊಡ್ಡವರು ಚಿಕ್ಕವರು ಅಂತ ಅಲ್ಲ ಸರ್. ಇದು ಬೇರೆ ಮನೆ, ಅದು ಬೇರೆ ಮನೆ. ದೇಶದ ಸಂವಿಧಾನ ಕೊಟ್ಟ ಹಕ್ಕು ಮುರಿದಿದ್ರೆ, ಅದೂ ಅಲ್ಲಿನ ದಾರಿಗಳೆಲ್ಲ ಮುಗಿದ ಮೇಲೆ, ಇಲ್ಲಿ ಕೇಳಬಹುದು. ಶಿಕ್ಷೆ ಜಾಸ್ತಿ ಆಯ್ತು, ಕರುಣೆ ತೋರಿಸ್ಲಿಲ್ಲ ಅಂತ ಇಲ್ಲಿ ಬರೋಕಾಗಲ್ಲ."

ವಕೀಲ ರಾಜ್ಯದ ಮೇಲಿನ ಕೋರ್ಟಿಗೂ ಹೋದ. ಲಾಫ್ಟಸ್ ಕಾನೂನಿನ ಗೆರೆ ದಾಟಿಲ್ಲ ಎಂದು ಅವರು ಬಾಗಿಲು ಹಾಕಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಡಲಿಲ್ಲ.

ಅಂದು ಸಂಜೆ ಜೆರಾಲ್ಡೀನ್ ಒಂದು ಪಾತ್ರೆ ಸೂಪು ಹಿಡಿದು ಬಂದಳು. ನಾರ್ಬರ್ಟ್ ಅಡುಗೆಮನೆಯಲ್ಲಿ ಜೋಲುಮೋರೆ ಹಾಕಿಕೊಂಡು ಕೂತಿದ್ದ.

"ಗೆರೆ ದಾಟಿಲ್ವಂತೆ," ಎಂದ. "ಹುಡುಗನ ಬಾಳು ಹಾಳು ಮಾಡಿದ್ರೂ ಗೆರೆ ದಾಟಿಲ್ವಂತೆ. ಇದು ಯಾವ ಸೀಮೆ ನ್ಯಾಯ?"

"ಕಾನೂನು ಜಡ್ಜಿಗೆ ಉದ್ದನೆ ಹಗ್ಗ ಕೊಟ್ಟಿರುತ್ತೆ ನಾರ್ಬ್. ಆ ಹಗ್ಗದಲ್ಲಿ ಎಲ್ಲಿ ನಿಲ್ತಾನೆ ಅನ್ನೋದು ಅವನ ಮನಸ್ಸು. ಮೇಲಿನ ಕೋರ್ಟು ಹಗ್ಗ ಹರೀತಾ ಅಂತ ಮಾತ್ರ ನೋಡುತ್ತೆ."

"ಹಂಗಾದ್ರೆ ಆಚೆ ಕೌಂಟಿಗೊಂದು ಕಾನೂನು, ನಮಗೊಂದು ಕಾನೂನಾ?"

"ಕಾನೂನು ಒಂದೇ. ಚಿಕಿತ್ಸೆಯ ಕೋರ್ಟು ಅನ್ನೋದು ಮೊದಲು ಎಲ್ಲೂ ಇರಲಿಲ್ಲ. ಫ್ಲೋರಿಡಾದಲ್ಲಿ ಒಂದಿಷ್ಟು ಜಡ್ಜುಗಳು, ಅದೇ ಹುಡುಗರು ಮತ್ತೆ ಮತ್ತೆ ಸೆರೆಮನೆಗೆ ಬರೋದು ನೋಡಿ ಸಾಕಾಗಿ ಶುರುಮಾಡಿದ್ರು. ಅದನ್ನ ನೋಡಿ ಇನ್ನೊಂದೂರು, ಅದನ್ನ ನೋಡಿ ಮತ್ತೊಂದೂರು. ರಾಜ್ಯದ ಕೋರ್ಟುಗಳು ಬದಲಾಗೋದು ಹೀಗೇನೇ. ಮನಸ್ಸಿರೋ ಜಡ್ಜು ಇದ್ದ ಕಡೆ ಬರುತ್ತೆ, ಇಲ್ಲದ ಕಡೆ ಇಲ್ಲ."

"ಆ ಕಲ್ಲಿನ ಮನಸ್ಸಿನೋನನ್ನ ಅಲ್ಲಿ ಕೂರಿಸ್ದೋರು ಯಾರು?"

ಜೆರಾಲ್ಡೀನ್ ಅವನ ಮುಖವನ್ನೇ ನೋಡಿದಳು. ಆ ನೋಟ ಐರೀನ್‌ಗೆ ಅರ್ಥವಾಯಿತು. ಒಲೆಯ ಕಡೆಯಿಂದ ತಿರುಗಿ ಗಂಡನನ್ನು ನೋಡಿದಳು.

"ನಾರ್ಬ್. ನಾನು ಆ ಹಿಂದಿನ ಹೆಸರುಗಳನ್ನ ಮುಟ್ಟಲೇ ಇಲ್ಲ. ನೀನು?"

"ಇಲ್ಲ."

"ಟ್ರೆವರ್?"

ನಾರ್ಬರ್ಟ್ ಕುರ್ಚಿಯನ್ನು ಹಿಂದೆ ತಳ್ಳಿದ. "ಅವನು ತಿರುಗಿಸಿ ಕೇಳ್ದ ಐರೀನ್. ಹಿಂದೆ ಇನ್ನೂ ಇದೆಯಲ್ಲ ಜಾಜಾ ಅಂದ. ನಾನೇ ಬಿಡು ಅಂದೆ."

ಐರೀನ್ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಸೂಪಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಅದರ ಮುಂದೆಯೇ ನಿಂತುಬಿಟ್ಟಳು.

"ಆ ವಕೀಲೆ ಗೆದ್ದಿದ್ರೆ ಹುಡುಗ ಖಂಡಿತ ಸರಿಹೋಗ್ತಿದ್ದ ಅಂತ ನಾನು ಹೇಳಲ್ಲ," ಎಂದಳು ಜೆರಾಲ್ಡೀನ್ ಮೆಲ್ಲಗೆ. "ಚಿಕಿತ್ಸೆ ಸಿಕ್ಕೋರೆಲ್ಲ ಬದುಕಲ್ಲ. ಆದ್ರೆ ಅವನಿಗೆ ಒಂದು ಬಾಗಿಲು ಇರ್ತಿತ್ತು."

"ಈಗೇನು ಮಾಡ್ಲಿ?"

"ಕಾಯ್ಬೇಕು. ಜಡ್ಜಿನ ಅವಧಿ ಆರು ವರ್ಷ."

ಟ್ರೆವರ್ ಅದಕ್ಕಿಂತ ಮೊದಲೇ ಬಿಡುಗಡೆಯಾದ. ಸೊರಗಿದ್ದ. ಮಾತು ಕಡಿಮೆಯಾಗಿತ್ತು. ಬುಶಾ ಮಾಡಿದ ಪಿಯೆರೋಗಿ ಕಡುಬನ್ನು ತಟ್ಟೆಯಲ್ಲೇ ಅತ್ತಿತ್ತ ತಳ್ಳುತ್ತಿದ್ದ. ಒಳಗಿದ್ದಷ್ಟು ದಿನ ಚಟವನ್ನು ಕೂಡಿಹಾಕಿದ್ದರು, ಬಿಡಿಸಿರಲಿಲ್ಲ. ಇಷ್ಟು ಕಾಲ ಮಾತ್ರೆ ಕಾಣದ ದೇಹ ಹಳೆಯ ಅಳತೆಯನ್ನು ತಡೆಯದು ಎಂದು ಅವನಿಗೆ ಯಾರೂ ಬುದ್ಧಿ ಹೇಳಿರಲಿಲ್ಲ. ಒಂದು ಭಾನುವಾರ ಎಲ್ಲರೂ ಚರ್ಚಿಗೆ ಹೊರಟಾಗ ತಲೆನೋವು ಎಂದು ಮನೆಯಲ್ಲೇ ಉಳಿದ. ಅವರು ಹಿಂದಿರುಗಿದಾಗ ಬಚ್ಚಲಮನೆಯ ನೆಲದ ಮೇಲೆ ಬಿದ್ದಿದ್ದ. ಮೈ ತಣ್ಣಗಾಗಿತ್ತು.

ಆ ಮನೆಯಲ್ಲಿ ಆಮೇಲೆ ಯಾರೂ ಜಾಜಾ ಎಂದು ಕರೆಯಲಿಲ್ಲ. ನಾರ್ಬರ್ಟ್ ಇಸ್ಪೀಟಿಗೆ ಹೋಗುವುದನ್ನು ಬಿಟ್ಟ. ಐರೀನ್‌ಗೆ ದೇವರ ಮೇಲೆ ಕೋಪ, ಜಡ್ಜಿನ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೇ ಕೋಪ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಮಾತನ್ನು ಆಡುವವರಿಗೆ ಸುಲಭ. ಆ ಬುದ್ಧಿಯನ್ನು ಇಟ್ಟುಕೊಂಡು ದಿನ ದೂಡುವವರ ಸಂಕಟ ಯಾವ ವೈರಿಗೂ ಬೇಡ.

ಲಾಫ್ಟಸ್‌ನ ಚುನಾವಣೆ ಮತ್ತೆ ಬಂತು. ಡೆನಿಸ್ ಪ್ರೂಯಿಟ್ ಮತ್ತೆ ನಿಂತಳು. ಈ ಸಲ ಕರಪತ್ರದ ಕಟ್ಟು ಹಿಡಿದು ಜೆರಾಲ್ಡೀನ್‌ಳ ಜೊತೆ ಮನೆ ಮನೆ ತಿರುಗಿದವನು ನಾರ್ಬರ್ಟ್. ಮಂಡಿನೋವು ಕಾಡಿದರೂ ಬಿಡಲಿಲ್ಲ. ಕೆಲವರು ಕೇಳಿದರು. ಕೆಲವರು ಪಾಪ ಮುದುಕ ಎಂದು ಕಾಫಿ ಕೊಟ್ಟು ಕಳಿಸಿದರು. ಮತದಾನದ ದಿನ ಗಂಡ ಹೆಂಡತಿ ಹಾಳೆಯನ್ನು ತಿರುಗಿಸಿ, ಹೆಸರುಗಳನ್ನು ಒಂದೊಂದಾಗಿ ಓದಿ, ಗುರುತು ಹಾಕಿದರು.

ಹೊರಗೆ ಬಂದಾಗ ಹಳೆಯ ಇಸ್ಪೀಟಿನ ಗೆಳೆಯ ಸ್ಟ್ಯಾನ್ ಸಿಕ್ಕಿದ.

"ಸ್ಟ್ಯಾನ್, ಜಡ್ಜಿಗೆ ಹಾಕ್ದಾ?"

"ಯಾವ ಜಡ್ಜು?" ಎಂದವನೇ ಸ್ಟ್ಯಾನ್ ಹಣೆ ಚಚ್ಚಿಕೊಂಡ. "ಅಯ್ಯೋ, ನೀನು ಹೇಳಿದ್ದೆ ಅಲ್ವಾ. ಮರೆತೇಬಿಟ್ಟೆ ಕಣೋ. ಮುಂದಿನ ಸಲ ಹಾಕಿದ್ರಾಯ್ತು ಬಿಡು."

ಲಾಫ್ಟಸ್ ಮತ್ತೆ ಗೆದ್ದ. ಮುಂದಿನ ಸಲ ಎಂದರೆ ಇನ್ನೂ ಆರು ವರ್ಷ. ನಾರ್ಬರ್ಟ್‌ಗೆ ಈಗ ಎಂಬತ್ತೊಂದು.

ಓದುತ್ತಿರುವವರೇ, ಕೋರ್ಟು ಎಂದರೆ ವಾಷಿಂಗ್ಟನ್ನಿನ ಅಮೃತಶಿಲೆಯ ಕಟ್ಟಡ ಮಾತ್ರ ಎಂದುಕೊಳ್ಳಬೇಡಿ. ಅಲ್ಲಿಯವರನ್ನು ಆರಿಸುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಮನೆಯವರು ನಿಲ್ಲಬೇಕಾಗಿ ಬರುವುದು ಬಹುಪಾಲು ನಿಮ್ಮ ಕೌಂಟಿಯ ಜಡ್ಜಿನ ಮುಂದೆ. ಅವರನ್ನು ಆರಿಸುವುದು ನಿಮ್ಮ ಕೈಯಲ್ಲಿದೆ. ಪಕ್ಷದ ಗೋಲ ಅವರನ್ನು ಮುಟ್ಟುವುದಿಲ್ಲ. ಅವರು ಯಾರು, ಏನು ಮಾಡಿದ್ದಾರೆ, ಏನು ಮಾಡುತ್ತೇವೆ ಅನ್ನುತ್ತಾರೆ ಎಂದು ಮೊದಲೇ ವಿಚಾರಿಸಿ. ಹಾಳೆ ತಿರುಗಿಸಿ, ಕೊನೆಯ ಹೆಸರಿನವರೆಗೂ ಓದಿ, ಗುರುತು ಹಾಕಿ.

ನಮ್ಮ ಮನೆಯಲ್ಲಿ ಯಾರೂ ಕೋರ್ಟು ಹತ್ತಿದವರಲ್ಲ ಅನ್ನುತ್ತೀರಾ? ಒಂದು ಸಲ ಊಟದ ಮೇಜಿನ ಕಡೆ ನೋಡಿ. ನಿಮ್ಮ ಹುಡುಗ ಇನ್ನೂ ಅಲ್ಲಿ ಕೂತಿದ್ದಾನೆ.