ಯಪ್ಪಾ ಅಂದರೆ ಯಾರು

ನನ್ನ ಗಂಡ ಪಂಪಾಪತಿ ರಾಯಚೂರಿನ ಆಸ್ಪತ್ರೆಯಲ್ಲಿ ಸಾಯುವ ಮುಂಚೆ ಎರಡೇ ಶಬ್ದ ಆಡಿದ: "ಯಪ್ಪ ಹೊಡದ." ಪೊಲೀಸರು ಅದನ್ನು 'ಅಪ್ಪ ಹೊಡೆದ' ಎಂದು ಬರೆದುಕೊಂಡರು. ಸಂಜೆ ಮಾನ್ವಿಗೆ ಬಂದು ಎಪ್ಪತ್ತಾರು ವರ್ಷದ ನನ್ನ ಮಾವನನ್ನು ಜೀಪು ಹತ್ತಿಸಿಕೊಂಡು ಹೋದರು.

ಮಾವ ಹೊಡೆದಿರಲಿಲ್ಲ. ಹೊಡೆದವನು ನನ್ನ ಮಗ.

ಮಗನಿಗೆ ಅಜ್ಜನ ಹೆಸರೇ ಇಟ್ಟಿದ್ದೇವೆ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಎತ್ತಬಾರದಲ್ಲ, ಹಾಗಾಗಿ ತೊಟ್ಟಿಲಲ್ಲಿದ್ದಾಗಿನಿಂದ ಅವನು ನನಗೆ 'ಯಪ್ಪಾ'. ಗಂಡನಿಗೂ ಅಷ್ಟೇ. ಬೆಲ್ಟಿನಿಂದ ಬಾರಿಸುವಾಗಲೂ "ಯಪ್ಪಾ, ಕೈ ಚಾಚೋ" ಅನ್ನುತ್ತಿದ್ದ. ಅಪ್ಪನ ಹೆಸರಿಗೆ ಅಷ್ಟು ಮರ್ಯಾದೆ, ಮಗನ ಕೈಗೆ ಮಾತ್ರ ಬಾಸುಂಡೆ.

ಹೊಡೆಯುವುದನ್ನು ಗಂಡ ಕಲಿತದ್ದು ಮಾವನಿಂದ. ನಮ್ಮ ಅಕ್ಕಿ ಗಿರಣಿಯ ಕಂಬಕ್ಕೆ ಕಟ್ಟಿ ಹೊಡೆಸಿಕೊಂಡ ಗುರುತು ಕಡೆಯವರೆಗೂ ಅವನ ಬೆನ್ನ ಮೇಲಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ನಮ್ಮ ಮನೆಯಲ್ಲಿ ಗಂಡಸರಿಗೂ ಅದೇ ಗಾದೆ.

ಆ ಸೋಮವಾರ ಗಿರಣಿಯಲ್ಲಿ ಗಂಡ ಮತ್ತೆ ಬೆಲ್ಟು ಬಿಚ್ಚಿದ. ಇಪ್ಪತ್ತೆಂಟು ವರ್ಷದ ಮಗ ಮೊದಲ ಸಲ ತಿರುಗಿಬಿದ್ದು ಕಬ್ಬಿಣದ ಹಾರೆ ಎತ್ತಿದ. ನೋಡಿದವರು ನಾನು, ಮಾವ, ಇಬ್ಬರೇ.

ಠಾಣೆಯಲ್ಲಿ ಮಾವ "ಹೌದ್ರೀ, ನಾನೇ ಹೊಡದೀನಿ" ಅಂದುಬಿಟ್ಟ. ಬುತ್ತಿ ಒಯ್ದ ನನಗೆ ಕಂಬಿಯಾಚೆಯಿಂದ, "ಬಿತ್ತಿದವ ನಾನೇ ಅಲ್ಲೇನವ್ವಾ? ನೀ ಸುಮ್ನಿರು" ಅಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮುದುಕನ ಮೇಲೆ ಕನಿಕರ ಬಂತು. ಆದರೂ ಸುಮ್ಮನಿದ್ದೆ. ನನಗೆ ಮಗ ಉಳಿದರೆ ಸಾಕಾಗಿತ್ತು.

ವಾರದ ಮೇಲೆ, ಮುದುಕನ ಮಾತು ನಂಬದ ಮಂಗಳೂರು ಕಡೆಯ ಹೊಸ ಎಸ್‌ಐ ಮನೆಗೆ ಬಂದರು. ಜೊತೆಗೆ ಪೇದೆ ಹುಲಿಗೆಪ್ಪ, ನನ್ನ ತವರು ದೇವದುರ್ಗದವನು.

"ನಿಮ್ಮ ಗಂಡ ಯಪ್ಪ ಅಂತ ಯಾರನ್ನು ಕರೆಯುತ್ತಿದ್ದರು?"

"ಅವರಪ್ಪಗ ರೀ."

"ಬೇರೆ ಯಾರನ್ನಾದರೂ?"

"ಇಲ್ರೀ."

ಹುಲಿಗೆಪ್ಪ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ನಮ್ಮ ಕಡೆಯ ರೂಢಿ ಅವನಿಗೆ ಗೊತ್ತು.

ಅವರಿಬ್ಬರೂ ಅಂಗಳಕ್ಕಿಳಿದು ಬೂಟು ಹಾಕಿಕೊಳ್ಳುತ್ತಿದ್ದರು. ಒಳಗೆ ನಾಲ್ಕು ವರ್ಷದ ಮೊಮ್ಮಗ ಕೊಟ್ರೇಶ ಅಪ್ಪನ ಮೊಬೈಲು ಕೆಡವಿದ. ನನ್ನ ಮಗ ಎದ್ದು ನಿಂತು ಬೆಲ್ಟು ಬಿಚ್ಚಿ ಕೈ ಎತ್ತಿದ.

ಕೂಸು ಅಳಲಿಲ್ಲ. ಓಡಲಿಲ್ಲ. ತಾನಾಗಿಯೇ ಕೈ ಚಾಚಿ ಕಣ್ಣು ಮುಚ್ಚಿತು. ಅದಕ್ಕೆ ಇದು ಮೊದಲ ಸಲ ಅಲ್ಲ ಎಂದು ನನಗೆ ಆಗ ಗೊತ್ತಾಯಿತು.

"ಯಪ್ಪಾ!" ಬೀದಿಗೆ ಕೇಳುವಂತೆ ಕೂಗಿದೆ. "ಯಪ್ಪಾ, ಕೈ ಇಳಸೋ!"

ಅಂಗಳದಲ್ಲಿ ಬೂಟಿನ ಸದ್ದು ನಿಂತಿತು. ಎಸ್‌ಐ ಬಾಗಿಲಿಗೆ ಬಂದರು.

"ಯಾರನ್ನು ಕರೆದದ್ದು ಅಮ್ಮಾ?"

ಮಗ ನನ್ನನ್ನೇ ನೋಡುತ್ತಿದ್ದ, ಏನಾದರೂ ಹೇಳಿ ತಪ್ಪಿಸುತ್ತೇನೆ ಎಂಬ ನಂಬಿಕೆಯಲ್ಲಿ. ನಾನು ಕೊಟ್ರೇಶನ ಚಾಚಿದ ಕೈಯನ್ನು ಹಿಡಿದುಕೊಂಡೆ. ಮದುವೆಯಾಗಿ ಬಂದಮೇಲೆ ಒಮ್ಮೆಯೂ ಬಾಯಲ್ಲಿ ಎತ್ತದ ಹೆಸರನ್ನು ಎತ್ತಿದೆ.

"ವಿರೂಪಣ್ಣಗ ರೀ. ನನ್ನ ಮಗಗ."