ಕೆಂಚಪ್ಪ ಬಾರಿಸಿದ ಕಲ್ಲು

ಕಲ್ಲಿನಲ್ಲಿ ಬಿರುಕಿದೆಯೇ ನೋಡಲು ಕೆಂಚಪ್ಪ ಬಿಂದಿಗೆ ನೀರು ಸುರಿದು ಅರ್ಧ ಗಂಟೆಯಾಗಿತ್ತು. ಬಸ್ತಿಹಳ್ಳಿಯ ಬಿಸಿಲು ಎಂಥದ್ದನ್ನೂ ಒಣಗಿಸಿಬಿಡುತ್ತದೆ. ಏಳಡಿ ಎತ್ತರದ ಕಲ್ಲಿನ ಹೆಂಗಸು ನೆತ್ತಿಯಿಂದ ಪಾದದವರೆಗೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದಳು. ಮೊಣಕೈ ಹತ್ತಿರ ಮಾತ್ರ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಒದ್ದೆಯಾಗಿಯೇ ಉಳಿದಿತ್ತು. ಕೆಂಚಪ್ಪ ಟವೆಲಿನಿಂದ ಒರೆಸಿದ. ಗೆರೆ ಹೋಗಲಿಲ್ಲ. ನೀರು ಕುಡಿದು ಕೂತ ಬಿರುಕು ಒರೆಸಿದರೆ ಎಲ್ಲಿ ಹೋಗುತ್ತದೆ? ಅದು ಅವನಿಗೂ ಗೊತ್ತಿತ್ತು, ಆದರೂ ಮತ್ತೊಮ್ಮೆ ಒರೆಸಿದ.

ಆ ಕೈಮೇಲೆ ಒಂದು ಕೂಸು ಮಲಗಿತ್ತು. ಕೂಸಿನ ಅಡಿಯಲ್ಲಿ ಆಸರೆಗೆಂದು ಬಿಟ್ಟಿದ್ದ ಕಲ್ಲನ್ನು ಇವತ್ತು ಊಟವಾದ ಮೇಲೆ ಕೊಯ್ದು ತೆಗೆಯುವುದಿತ್ತು. ಆಮೇಲೆ ಕೂಸಿನ ಭಾರವೆಲ್ಲ ಬಿರುಕು ಬಿಟ್ಟ ಆ ಕೈಯದೇ. ನಾಳೆಯೇ ಬಿದ್ದೀತು, ಹತ್ತು ವರ್ಷ ನಿಂತರೂ ನಿಂತೀತು. ನಿಲ್ಲಿಸುವ ಜಾಗವಾದರೂ ಎಂಥದ್ದು, ಅರಸೀಕೆರೆಯ ಪಾರ್ಕು. ಸಂಜೆಯಾದರೆ ಊರಿನ ಮಕ್ಕಳೆಲ್ಲ ಅಲ್ಲೇ ಇರುತ್ತವೆ.

ಕಲ್ಲಿನ ಹೆಂಗಸು ಅರಸೀಕೆರೆಯ ಸೂಲಗಿತ್ತಿ ಶಿವಗಂಗಮ್ಮ. ಊರಿನ ಅರ್ಧ ಜನ ಆಕೆಯ ಕೈಯಲ್ಲೇ ಭೂಮಿಗೆ ಬಂದವರು. ಆಕೆಯ ಮೊಮ್ಮಗ, ಕೊಬ್ಬರಿ ಮಂಡಿಯ ಶರತ್ಚಂದ್ರ, ಅಜ್ಜಿಯ ಪ್ರತಿಮೆ ಮಾಡಿಸಬೇಕೆಂದು ಹೊರಟವನು ಹುಡುಕಿದ್ದು ಉರ್ಸುಲಾಳನ್ನು. ಅರವತ್ತೆಂಟು ವರ್ಷದ ಈ ಜರ್ಮನಿಯ ಶಿಲ್ಪಿ ಹಳೇಬೀಡಿನ ದೇವಸ್ಥಾನ ನೋಡಲು ಬಂದವಳು, ಈಗ ವರ್ಷಕ್ಕೆ ನಾಲ್ಕು ತಿಂಗಳು ಬಸ್ತಿಹಳ್ಳಿಯಲ್ಲೇ ಇರುತ್ತಾಳೆ. ಊರವರ ಬಾಯಲ್ಲಿ ಉರ್ಸಲಮ್ಮ. ಅವಳ ದೇಶದ ಒಂಬತ್ತು ಊರುಗಳ ಚೌಕಗಳಲ್ಲಿ ಅವಳು ಮಾಡಿದ ಪ್ರತಿಮೆಗಳಿವೆಯಂತೆ. ಟ್ರಾಮ್ ಓಡಿಸುವವನು, ಬಟ್ಟೆ ಒಗೆಯುವವಳು, ಮೇಷ್ಟ್ರು. ಮಂತ್ರಿಯೂ ಇಲ್ಲ, ಕುದುರೆ ಹತ್ತಿದ ಸೇನಾಪತಿಯೂ ಇಲ್ಲ. ಅಂಥವನ್ನು ಏಕೆ ಮಾಡುವುದಿಲ್ಲವೆಂದು ಶರತ್ಚಂದ್ರ ಕೇಳಿದಾಗ ಅವಳು ಉಳಿ ಮಸೆಯಲು ಎದ್ದುಹೋಗಿದ್ದಳು.

ಕಲ್ಲು ಆರಿಸುವವರು ಯಾರು ಎಂದು ಅವಳು ವಿಚಾರಿಸಿದಾಗ ಎಲ್ಲರೂ ಕೆಂಚಪ್ಪನ ಕಡೆಗೇ ಬೆರಳು ತೋರಿಸಿದ್ದರು. ಬಿಕ್ಕೋಡಿನಿಂದ ಗಂಡಸಿಯವರೆಗೆ ಯಾರು ಬಳಪದ ಕಲ್ಲು ಕೊಂಡರೂ ಅವನನ್ನು ಕರೆಯುವುದೇ ವಾಡಿಕೆ. ಚಿಕ್ಕ ಸುತ್ತಿಗೆಯಿಂದ ಬಾರಿಸಿ ಕಿವಿ ಇಡುತ್ತಾನೆ. ಗಂಟೆಯ ದನಿ ಬಂದರೆ ಕಲ್ಲು ಗಟ್ಟಿ, ದಬ್ ಎಂದರೆ ಒಳಗೆ ಸೀಳಿದೆ. ಕೆಂಚಪ್ಪ ಬಾರಿಸಿ ಹೂಂ ಅಂದಮೇಲೆ ಎರಡನೇ ಮಾತಿಲ್ಲ.

ಆದರೆ ಗಂಟೆಯ ದನಿ ಅವನ ಕಿವಿಗೆ ಬಿದ್ದು ನಾಲ್ಕು ವರ್ಷವಾಗಿತ್ತು. ಇಪ್ಪತ್ತೈದು ವರ್ಷ ಕಲ್ಲು ಕೊಯ್ಯುವ ಮಷೀನಿನ ಪಕ್ಕ ಕೂತ ಕಿವಿಗಳು ಮೆಲ್ಲಗೆ ಕೈಕೊಟ್ಟಿದ್ದವು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಬೆನ್ನ ಹಿಂದಿನಿಂದ ಆಡಿದ್ದಕ್ಕೆಲ್ಲ ‘ಹೂಂ’ ಎಂದು ತಲೆಯಾಡಿಸಿ ಹೇಗೋ ನಿಭಾಯಿಸಿದ್ದ. ಕಲ್ಲಿಗೆ ತುಟಿ ಎಲ್ಲಿಂದ ಬರಬೇಕು? ಅಂಗೈ ಇಟ್ಟು ಅದುರುವುದನ್ನು ನೋಡಿ ಹೇಳುತ್ತಿದ್ದ. ಈ ಕಲ್ಲಿಗೂ ಹಾಗೆಯೇ, “ಗಂಟೆ ಇದ್ದಂಗೈತೆ ಅಮ್ಮಾವ್ರೆ” ಅಂದಿದ್ದ. ಅಷ್ಟು ಮಾತನ್ನು ನಂಬಿ ಆ ಮುದುಕಿ ಮೂರು ತಿಂಗಳು ಕೆತ್ತಿದ್ದಳು. ಉದ್ಘಾಟನೆಗೆ ಇನ್ನು ಹನ್ನೆರಡು ದಿನ.

ಕಲ್ಲಿನ ಪುಡಿಗೆ ಅಂಟು ಕಲಸಿ ತುಂಬಿಬಿಟ್ಟರೆ ಯಾರ ಕಣ್ಣಿಗೂ ಕಾಣದು. ಪುಡಿ ಕಾಲಬುಡದಲ್ಲೇ ಇತ್ತು, ಅಂಟು ಶೆಡ್ಡಿನಲ್ಲಿ. ಅವನು ಬಗ್ಗಿ ಒಂದು ಹಿಡಿ ಪುಡಿ ತೆಗೆದುಕೊಂಡೂಬಿಟ್ಟ. ತಲೆ ಎತ್ತಿದರೆ ಕೂಸಿನ ಮುಖ ಎದುರಿಗೇ ಇತ್ತು. ಹಾಳಾದ್ದು, ಅದನ್ನು ಅಷ್ಟು ಜೀವ ಬಂದ ಹಾಗೆ ಯಾಕೆ ಕೆತ್ತಿದಳೋ ಎಂದು ಉರ್ಸಲಮ್ಮನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಉರ್ಸುಲಾ ಕೊಯ್ಯುವ ಮಷೀನು ಹಿಡಿದು ಬಂದೇಬಿಟ್ಟಳು. ಜೊತೆಗೆ ಕೆಂಚಪ್ಪನ ಮಗಳು, ಇಂದು ಅಂತ ಹೆಸರು. ಮೈಸೂರಿನಲ್ಲಿ ಜರ್ಮನ್ ಕಲಿತು ಹಳೇಬೀಡಿನಲ್ಲಿ ಗೈಡ್ ಆಗಿದ್ದ ಅವಳೇ ಇಬ್ಬರ ನಡುವೆ ಮಾತಿನ ಸೇತುವೆ. ಉರ್ಸುಲಾ ಕನ್ನಡಕ ಸರಿಮಾಡಿಕೊಂಡು ಕೂಸಿನ ಅಡಿಗೆ ಮಷೀನು ಹಿಡಿದಳು.

ಕೆಂಚಪ್ಪ ಹೋಗಿ ಅಡ್ಡ ನಿಂತ. “ಬ್ಯಾಡ ಅನ್ನವ್ವ ಅವ್ರಿಗೆ. ಕಲ್ಲು ಸೀಳೈತೆ.”

“ನೀನೇ ಬಾರಿಸಿ ನೋಡಿದ್ದಲ್ವೇನಪ್ಪ?”

“ಬಾರಿಸ್ದೆ. ಕೇಳಿಸ್ಲಿಲ್ಲ.” ಮುಷ್ಟಿಯಲ್ಲಿದ್ದ ಪುಡಿಯನ್ನು ಕೆಳಗೆ ಚೆಲ್ಲಿದ. “ನಾಕು ವರ್ಷ ಆಯ್ತು ಕಣವ್ವ, ನಂಗೆ ಕಿವಿ ಕೇಳಾಕಿಲ್ಲ. ಯಾರ್ಗೂ ಹೇಳ್ನಿಲ್ಲ.”

ಮಗಳು ಅದನ್ನು ಉರ್ಸುಲಾಗೆ ಜರ್ಮನ್ನಿನಲ್ಲಿ ಹೇಳಿದಳು. ಉರ್ಸುಲಾ ಸುತ್ತಿಗೆ ತೆಗೆದುಕೊಂಡು ಭುಜ ಬಾರಿಸಿದಳು, ಮೊಣಕೈ ಬಾರಿಸಿದಳು. ಇಬ್ಬರ ಮುಖವೂ ಕಂದಿದ್ದನ್ನು ನೋಡಿಯೇ ಕೆಂಚಪ್ಪನಿಗೆ ತಿಳಿಯಿತು. ಉರ್ಸುಲಾ ಕನ್ನಡಕ ಕಿತ್ತು ಮರಳಿನ ಗುಡ್ಡೆ ಮೇಲೆ ಎಸೆದು, ಬೆನ್ನು ತಿರುಗಿಸಿ ನಿಂತಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ತಿರುಗಿ, ಬಹಳ ಹೊತ್ತು ಮಾತಾಡಿದಳು. ಇಂದು ಅಪ್ಪನ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. “ಮೂವತ್ತನೇ ವಯಸ್ಸಲ್ಲಿ ಇವರು ಅಲ್ಲಿ ಆಗಿದ್ದ ಸರ್ವಾಧಿಕಾರದ ಸರ್ಕಾರಕ್ಕೆ ಒಬ್ಬ ದೊಡ್ಡ ಮನುಷ್ಯನ ಪ್ರತಿಮೆ ಮಾಡಿದ್ರಂತೆ. ಅವನು ಅಷ್ಟು ಗೌರವಕ್ಕೆ ಯೋಗ್ಯ ಅಲ್ಲ ಅಂತ ಕೆತ್ತೋವಾಗ್ಲೇ ಗೊತ್ತಿತ್ತಂತೆ. ಹೆದರ್ಕೊಂಡು ಹೇಳ್ಲಿಲ್ಲ. ಸರ್ಕಾರ ಬಿದ್ಮೇಲೆ ಜನ ಹಗ್ಗ ಕಟ್ಟಿ ಎಳೆದು ಕೆಡವಿದ್ರು. ಇವರು ಗುಂಪಲ್ಲಿ ನಿಂತು ನೋಡಿದ್ರಂತೆ. ನಾನೇ ಒಡೀಬೇಕಾಗಿದ್ದನ್ನ ಬೇರೆಯವರು ಒಡೆದ್ರು, ಆ ನಾಚಿಕೆ ಇನ್ನೂ ಹೋಗಿಲ್ಲ ಅಂತಾರೆ. ಶರತ್ಚಂದ್ರ ಅವ್ರಿಗೆ ತಡ ಆಗುತ್ತೆ ಅಂತ ತಾವೇ ಹೇಳ್ತಾರಂತೆ. ಇದನ್ನ ಮಾತ್ರ ನೀನೇ ಒಡೀಬೇಕಂತಪ್ಪ.”

ಉರ್ಸುಲಾ ದೊಡ್ಡ ಸುತ್ತಿಗೆ ಚಾಚಿದಳು.

ಕೆಂಚಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಬಾರಿಸಿದ. ಮೊದಲ ಎರಡು ಪೆಟ್ಟು ಪೆಟ್ಟೇ ಆಗಲಿಲ್ಲ. ಮೂರನೆಯದಕ್ಕೆ ಸೂಲಗಿತ್ತಿಯ ಕೈ ಕೂಸಿನ ಸಮೇತ ಕಳಚಿ, ಕೆಳಗಿನ ಚಪ್ಪಡಿ ಮೇಲೆ ಬಿದ್ದು ಎರಡು ಹೋಳಾಯಿತು. ಧೂಳು ಎದ್ದದ್ದನ್ನು ನೋಡಿದ. ಅಷ್ಟು ದೊಡ್ಡ ಕಲ್ಲು ಬಿದ್ದ ಸದ್ದು ಅವನಿಗೆ ಹತ್ತಿ ಬಿದ್ದಷ್ಟೂ ಕೇಳಲಿಲ್ಲ. ಕಿವಿ ಇಷ್ಟೊಂದು ಹಾಳಾಗಿದೆಯೆಂದು ಅವನೂ ತಿಳಿದಿರಲಿಲ್ಲ. ಸುತ್ತಿಗೆ ಕೆಳಗಿಟ್ಟು ಮಗಳ ಕಡೆ ನೋಡಿದ.

ಇಂದು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಅಳುತ್ತಲೇ ಏನೋ ಅಂದಳು, ಬಟ್ಟೆ ಅಲ್ಲಾಡಿತು. ಕೆಂಚಪ್ಪ ಅಭ್ಯಾಸದಂತೆ ‘ಹೂಂ’ ಎಂದು ತಲೆಯಾಡಿಸಹೊರಟವನು ನಿಲ್ಲಿಸಿದ.

“ಕೇಳಿಸ್ಲಿಲ್ಲ ಕಣವ್ವ,” ಅಂದ. “ಇನ್ನೊಂದ್ ಸಲ ಹೇಳು.”