ಬೂದಿಯ ಮೇಲಿನ ಹೆಜ್ಜೆ

ಬೋಜಪ್ಪ ಮಾಸ್ತರಿಗೆ ಆ ವಾರ ಹೊಸ ಹುಚ್ಚು ಹಿಡಿದಿತ್ತು. ಪುಸ್ತಕ ಮುಚ್ಚಿ ಕಣ್ಣು ಬಿಟ್ಟು ಕಲಿಸಿ ಎಂದು ಮಡಿಕೇರಿಯಿಂದ ಬಂದ ಸಾಹೇಬರೊಬ್ಬರು ಹೇಳಿ ಹೋದದ್ದೇ ತಡ, ಮಗ್ಗಿ, ಕಾಗುಣಿತ ಎಲ್ಲ ಮೂಲೆ ಸೇರಿದವು. ಸೋಮವಾರ ಎಲೆಗಳ ಪಾಠ. ಮಂಗಳವಾರ ಹಕ್ಕಿಗರಿಗಳ ಪಾಠ. ಬುಧವಾರ ಮಾಸ್ತರು ತಮ್ಮ ಒಲೆಯ ಬೂದಿಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದು ಶಾಲೆಯ ಜಗಲಿಯ ಮೇಲೆ ಹರಡಿದರು. ಒಬ್ಬರು ಅದರ ಮೇಲೆ ನಡೆಯಬೇಕು, ಉಳಿದವರು ಗೋಡೆಗೆ ಮುಖ ಮಾಡಿ ನಿಂತು, ಆಮೇಲೆ ತಿರುಗಿ ಅದು ಯಾರ ಹೆಜ್ಜೆಯೆಂದು ಹೇಳಬೇಕು.

ಚಿಕ್ಕಿ ಒಂದನ್ನೂ ತಪ್ಪಲಿಲ್ಲ. ಕಾಫಿ ತೋಟದ ಕೂಲಿಯವರ ಸಾಲುಮನೆಗಳಾದ ಲೈನಿನಿಂದ ಆ ಶಾಲೆಗೆ ಬರುತ್ತಿದ್ದ ಹುಡುಗಿ ಅವಳೊಬ್ಬಳೇ. ಸ್ಲೇಟಿನ ಮೇಲೆ ಅಕ್ಷರ ಮೂಡಿಸಲು ತಿಣುಕುತ್ತಿದ್ದಳು, ಆದರೆ ನೆಲ ನೋಡಿ ಹೇಳುವುದೆಂದರೆ ನೀರು ಕುಡಿದಷ್ಟು ಸುಲಭ. ಕಾಡಿಗೆ ಜೇನು ಕೀಳಲು ಹೋಗುವಾಗ ಅಪ್ಪ ಕರಿಯ ಅವಳ ಕೈ ಹಿಡಿದು ಕಲಿಸಿದ್ದು ಅದನ್ನೇ.

"ಭಲೇ, ಚಿಕ್ಕಿ!" ಎಂದರು ಮಾಸ್ತರು. ಅವಳಿಗೆ ಕಿವಿ ಬೆಚ್ಚಗಾಗುವಷ್ಟು ಸಂತೋಷವಾಯಿತು. ಆಮೇಲೆ ನೋಡಿದರೆ ಜಗಲಿಯ ಕಂಬಕ್ಕೆ ಒರಗಿ, ಕೂಲಿಯವರ ಲೆಕ್ಕ ಬರೆದು ಕೆಲಸ ಮಾಡಿಸುವ ತೋಟದ ರೈಟರ್ ನಿಂತಿದ್ದ. ಅವಳು ಉಳಿದ ಮಕ್ಕಳ ಹಿಂದೆ ಸರಿದಳು.

ಹಿಂದಿನ ವಾರ ಕಳೆ ಕೀಳುವಾಗ ಕೈ ನಿಧಾನವಾಯಿತೆಂದು ಈ ರೈಟರ್ ಅವಳ ಅಮ್ಮ ಮಾರಿಯ ಬೆನ್ನಿಗೆ ಕೋಲಿನಿಂದ ಬಾರಿಸಿದ್ದ. ಕರಿಯ ಓಡಿ ಬಂದು ಕೋಲು ಕಿತ್ತು, ಮೊಣಕಾಲಿಗಿಟ್ಟು ಎರಡು ತುಂಡು ಮಾಡಿ, ಅವನ ಕಾಲ ಬುಡಕ್ಕೆ ಎಸೆದಿದ್ದ. ರೈಟರನ ಮೈಗೆ ಬೆರಳು ಸೋಕಿಸಿರಲಿಲ್ಲ. ಆದರೆ ಕೂಲಿಯವರೆಲ್ಲ ನಕ್ಕುಬಿಟ್ಟಿದ್ದರು, ಅದಕ್ಕಿಂತ ದೊಡ್ಡ ಅಪರಾಧ ಬೇಕೆ? ಅಂದೇ ಪೊಲೀಸರಿಗೆ ದೂರು ಹೋಯಿತು, ಕರಿಯ ಕಾಡು ಸೇರಿದ. ಸಿಕ್ಕರೆ ಮಡಿಕೇರಿ ಜೈಲು ಖಂಡಿತ.

ಬೂದಿಯ ಪಾಠವಾದ ಬುಧವಾರ ಸಂಜೆ ಮಾರಿ ಒಲೆ ಊದುತ್ತಾ, ಮಗಳ ಕಡೆ ತಿರುಗದೆ ಹೇಳಿದಳು: "ನಾಳೆ ಕುಂಡೆ ಹಬ್ಬ. ನಿನ್ನಪ್ಪ ವೇಷದಲ್ಲಿ ಬರ್ತಾನಂತೆ. ನೋಡಿದ್ರೂ ನೋಡ್ದಂಗೆ ಇರು, ಮಗಾ."

"ಬರೋದು ಬೇಡ ಅನ್ನವ್ವಾ!"

"ಹೆಂಗೆ ಅನ್ನೋದು? ನಿಂಗೆ ಜ್ವರ ಬಂದಾಗ ವೇಷ ಕಟ್ತೀನಿ ಅಂತ ಹೊತ್ತ ಹರಕೆ ಅದು. ತಪ್ಪಿದ್ರೆ ನಿಂಗೇ ತಟ್ತದೆ ಅಂತ ಅವನಿಗೆ ಹೆದರಿಕೆ."

ಕುಂಡೆ ಹಬ್ಬದ ದಿನ ಲೈನಿನ ಗಂಡಸರು ಸೀರೆಯುಟ್ಟು, ಅಡಿಕೆ ಹಾಳೆಯ ಮುಖವಾಡ ಕಟ್ಟಿ, ಸೋರೆಬುರುಡೆ ಬಡಿಯುತ್ತಾ ಮನೆಮನೆಗೆ ಹೋಗಿ ಕೈಯೊಡ್ಡುತ್ತಾರೆ. ದೇವರಿಂದ ಹಿಡಿದು ದೊರೆಯವರೆಗೆ ಎಲ್ಲರನ್ನೂ ಹಾಡು ಕಟ್ಟಿ ಬೈಯುತ್ತಾರೆ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ವೇಷದವರನ್ನು ಮುಟ್ಟುವಂತಿಲ್ಲ, ಮುಖವಾಡ ಕೀಳುವಂತಿಲ್ಲ. ಕಿತ್ತವನ ಮನೆ ದೀಪ ಆರುತ್ತದೆಂದು ಆ ಸೀಮೆಯವರೆಲ್ಲ ನಂಬಿದ್ದರು.

ಗುರುವಾರ ಬೆಳಿಗ್ಗೆ ಶಾಲೆಯ ಮುಂದೆ ಬುರುಡೆಯ ಸದ್ದು ಕೇಳುವ ಮೊದಲೇ ರೈಟರ್ ಬಂದು ಕೂತಿದ್ದ, ಪಕ್ಕದಲ್ಲೊಬ್ಬ ಪೊಲೀಸಿನವನು.

"ಕರಿಯ ವೇಷದಲ್ಲಿ ಬಂದೇ ಬರ್ತಾನೆ. ಎಲ್ಲರ ಮುಖವಾಡ ತೆಗೆಸಿ" ಎಂದ ರೈಟರ್.

"ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ ಸ್ವಾಮಿ" ಎಂದ ಪೊಲೀಸಿನವನು. "ನಂಗೂ ಮಕ್ಕಳಿದ್ದಾವೆ."

"ಹಾಗಾದರೆ ಬೂದಿ ಹರಡಿ ಮಾಸ್ತರೇ. ಎಲ್ಲರೂ ಅದರ ಮೇಲೆ ನಡೀಲಿ, ಈ ಹುಡುಗಿ ಯಾರ್ಯಾರು ಅಂತ ಹೇಳ್ಲಿ. ಅಪ್ಪನ ಹೆಜ್ಜೆ ಬಂದಾಗ ಬಾಯಿ ಸುಳ್ಳು ಹೇಳಿದ್ರೂ ಮುಖ ಸುಳ್ಳು ಹೇಳ್ತದಾ? ತಪ್ಪು ಹೇಳಿದ್ರೆ ಬೆತ್ತ ತಗೊಳ್ಳಿ."

ಮಾಸ್ತರು ಮನಸ್ಸಿಲ್ಲದೆ ಬೂದಿ ಹರಡಿದರು. ಶಾಲೆ ಇದ್ದದ್ದು ತೋಟದ ದೊರೆಯ ಜಾಗದಲ್ಲಿ.

ವೇಷದವರು ಕುಣಿಯುತ್ತಾ ಬಂದವರು ಪೊಲೀಸಿನವನನ್ನು ಕಂಡು ನಿಂತರು. ಓಡುವಂತಿಲ್ಲ, ಓಡಿದವನೇ ಕರಿಯ ಎಂದಾಗುತ್ತದೆ. ಸಾಲಿನ ಕೊನೆಯಲ್ಲಿ ಕೆಂಪು ಸೀರೆ. ಚಿಕ್ಕಿಗೆ ಮೇಲೆ ನೋಡುವ ಅಗತ್ಯವೇ ಇರಲಿಲ್ಲ. ಅಪ್ಪನ ಎಡಗಾಲಿನ ಕಿರುಬೆರಳನ್ನು ಎಂದೋ ಕತ್ತಿ ತಿಂದುಹಾಕಿತ್ತು. ರೈಟರನಿಗೆ ಅದು ಗೊತ್ತಿರಲಿಲ್ಲ. ಕೂಲಿಯವರ ಕಾಲು ನೋಡಿ ಅವನಿಗೆ ಅಭ್ಯಾಸವಿಲ್ಲ. ಆದರೆ ಬೂದಿಯ ಮೇಲೆ ನಾಲ್ಕೇ ಬೆರಳು ಮೂಡಿ, ತನ್ನ ಮುಖ ಬಿಳುಚಿಕೊಂಡರೆ? ಕಾಲ ಕೆಳಗಿನ ನೆಲವೇ ಅಪ್ಪನನ್ನು ಹಿಡಿದುಕೊಡಲು ಕಾದು ಕೂತಂತೆ ಅನಿಸಿತು.

ಮೊದಲನೆಯವನು ನಡೆದ. ಕೆಮ್ಮಿನಿಂದಲೇ ಊರಿಗೆಲ್ಲ ಗೊತ್ತಿದ್ದ ಪಾಪ ಎಂಬವನು ಅವನು.

"ಯಾರದು?" ಎಂದರು ಮಾಸ್ತರು.

"ಚಿನ್ನ ಮಾವ" ಎಂದು ಲೈನಿನ ಬೇರೊಬ್ಬನ ಹೆಸರು ಹೇಳಿದಳು ಚಿಕ್ಕಿ.

ಮಕ್ಕಳು ಗೊಳ್ಳೆಂದು ನಕ್ಕರು. ಮಾಸ್ತರು ದಂಗಾದರು. ಬೆತ್ತ ಅಂಗೈ ಮೇಲೆ ಬಿತ್ತು. ಉರಿ ಮೊಣಕೈವರೆಗೆ ಓಡಿತು.

ಎರಡನೆಯವನು ಗುರುವಪ್ಪ. ಅಷ್ಟು ಎತ್ತರದ ಆಳು ಲೈನಿನಲ್ಲಿ ಇನ್ನೊಬ್ಬನಿರಲಿಲ್ಲ.

"ಪಾಪ ಮಾವ" ಎಂದಳು. ಮತ್ತೆ ಬೆತ್ತ.

"ನಿಂಗೆ ಇಂದ್ ಎಂಥ ಆತ್?" ಮಾಸ್ತರ ಬಾಯಿಂದ ಮನೆಮಾತೇ ಹೊರಟಿತು. ಎಲ್ಲವನ್ನೂ ತಪ್ಪು ಹೇಳಿದರೆ, ಎಲ್ಲದಕ್ಕೂ ಅತ್ತರೆ, ಅಪ್ಪನ ಹೆಜ್ಜೆಗೆ ಮಾತ್ರ ಬೇರೆ ಮುಖ ಎಲ್ಲಿಂದ ಬರಬೇಕು? ಅವಳ ಬುದ್ಧಿಗೆ ಹೊಳೆದದ್ದು ಅಷ್ಟೇ. ಹಾಗಾಗಿ ಮೂರನೆಯದನ್ನೂ ತಪ್ಪು ಹೇಳಿ ಕೈಯೊಡ್ಡಿದಳು. ಅಂಗೈ ಬಾತುಕೊಂಡಿತು.

ಆಗ ಕೆಂಪು ಸೀರೆ ಸಾಲು ಬಿಟ್ಟು ಬೂದಿಯಂಚಿಗೆ ಬಂತು. ಇನ್ನೂ ಅದರ ಸರದಿ ಬಂದಿರಲಿಲ್ಲ. ಎಡಗಾಲು ಮುಂದಿಟ್ಟಿತು. ಕೈ ಮೇಲೆದ್ದು ಮುಖವಾಡದ ದಾರಕ್ಕೆ ಹೋಯಿತು. ಬೆರಳುಗಳು ಗಂಟು ಹುಡುಕುತ್ತಿದ್ದವು. ಮಗಳಿಗೆ ಬೀಳುವ ಏಟು ನೋಡುವುದು ಅಪ್ಪನಿಂದ ಆಗುತ್ತಿಲ್ಲ ಎಂದು ಚಿಕ್ಕಿಗೆ ಅರ್ಥವಾಯಿತು. ರೈಟರನಿಗಿಂತ, ಪೊಲೀಸಿಗಿಂತ, ಆ ಕೈ ಕಂಡು ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ತರಗತಿಯಲ್ಲಿ ಗಟ್ಟಿಯಾಗಿ ಉಸಿರೆತ್ತದ ಹುಡುಗಿ ಗಂಟಲು ಹರಿಯುವಂತೆ ಹಾಡಿದಳು:

"ಬೆತ್ತದ ಮಾಸ್ತರ ಕುಂಡೆಗೆ ಚೇಳು ಕಡೀಲಿ! ರೈಟರ ಮೀಸೆಗೆ ಜಿಗಣೆ ಹತ್ತಲಿ!"

ಪಾಪ ಮಾವ ಕೆಮ್ಮಿ, ಬುರುಡೆಗೊಂದು ಬಾರಿಸಿದ. ಗುರುವಪ್ಪ ಹಾರಿದ. ಎಲ್ಲರೂ ಅದೇ ಸಾಲು ಹಿಡಿದು ಜಗಲಿಗೇ ಏರಿ ಬೂದಿಯ ಮೇಲೆ ಕುಣಿದರು, ಕೆಂಪು ಸೀರೆಯನ್ನೂ ಕೈ ಹಿಡಿದು ಎಳೆದುಕೊಂಡರು. ಮಕ್ಕಳೂ ಸೇರಿದರು. ಬೂದಿ ಮೇಲೆದ್ದು ಯಾರು ಯಾರೆಂದೇ ಕಾಣಲಿಲ್ಲ. ಪೊಲೀಸಿನವನು ಮೀಸೆಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೆಮ್ಮುತ್ತಾ ಕಣ್ಣುಜ್ಜುತ್ತಾ ರೈಟರ್ ಕೂಗಿದ್ದು ಬುರುಡೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಬೂದಿ ಇಳಿಯುವಷ್ಟರಲ್ಲಿ ವೇಷಗಳು ಕಾಫಿ ಗಿಡಗಳೊಳಗೆ ದಿಕ್ಕಿಗೊಂದರಂತೆ ಚದುರಿಹೋಗಿದ್ದವು.

ರೈಟರ್ ಜಗಲಿಯನ್ನೆಲ್ಲ ಬಗ್ಗಿ ನೋಡಿದ. ಹೆಜ್ಜೆಯ ಮೇಲೆ ಹೆಜ್ಜೆ, ಎಲ್ಲ ಕಲಸಿಹೋಗಿತ್ತು.

"ಸ್ವಲ್ಪ ಆಚೆ ಸರೀರಿ ಮಾಸ್ತರೇ" ಎಂದ.

ಮಾಸ್ತರು ಮೆಟ್ಟಿಲ ಬಳಿ ನಿಂತಿದ್ದರು. "ಕಾಲು ಮರಗಟ್ಟಿದೆ" ಎಂದರು. ಅಲ್ಲಾಡಲಿಲ್ಲ. ರೈಟರ್ ಗೊಣಗುತ್ತಾ ಹೊರಟ. ಅವನೂ ಪೊಲೀಸಿನವನೂ ತಿರುವು ದಾಟುವವರೆಗೂ ಮಾಸ್ತರು ಅಲ್ಲೇ ನಿಂತರು. ಆಮೇಲೆ ಪಕ್ಕಕ್ಕೆ ಸರಿದರು. ಅವರು ಪಂಚೆಯಿಂದ ಮರೆಮಾಡಿ ನಿಂತಿದ್ದ ಕಡೆ, ಅಗಲವಾದ ಚಪ್ಪಲಿಯ ಗುರುತಿನ ಅಂಚಿನಲ್ಲಿ ಎಡಪಾದದ ಒಂದು ತುದಿ ಇನ್ನೂ ಉಳಿದಿತ್ತು, ನಾಲ್ಕೇ ಬೆರಳು.

ಮಾಸ್ತರು ಅವಳ ಅಂಗೈಯನ್ನು ನೋಡಲಾರದೆ ಬೇರೆಡೆ ನೋಡಿದರು. "ಚಿಕ್ಕಿ, ಪೊರಕೆ ತಗೊಂಡು ಬಾ" ಎಂದರು.

ಅವಳು ಪೊರಕೆ ತಂದಳು. ಗುಡಿಸುವ ಮೊದಲು ಕುಕ್ಕರಗಾಲಲ್ಲಿ ಕೂತು, ಉರಿಯುವ ಅಂಗೈಯನ್ನು ಆ ನಾಲ್ಕು ಬೆರಳುಗಳ ಮೇಲೆ ಮೆತ್ತಗೆ ಇಟ್ಟಳು. ಬೂದಿ ತಂಪಾಗಿತ್ತು. ಆಮೇಲೆ ತಾನೇ ಅದನ್ನು ಒರೆಸಿಹಾಕಿದಳು.